ಆಪ್ ತೋರಿಸದ ಸಿನಿಮಾಗಳು: ಆಲ್ದೂರಿನ ಮಳೆಗಾಲದಿಂದ ಒಂದು ಓಟಿಟಿ ರಿವ್ಯೂ

ಜುಲೈನಲ್ಲಿ ಚಿಕ್ಕಮಗಳೂರು ಜಿಲ್ಲೆಯ ನಮ್ಮ ಆಲ್ದೂರಲ್ಲಿ ಮಳೆ ಹಿಡೀತು ಅಂದ್ರೆ ಸಂಜೆ ಆರರ ಮೇಲೆ ಮನೇಲಿ ಎರಡೇ ಕೆಲಸ, ಒಂದು ಹಲಸಿನ ಹಪ್ಪಳ ಸುಟ್ಕೊಂಡು ತಿನ್ನೋದು, ಇನ್ನೊಂದು ಟಿವಿ ಮುಂದೆ ಕೂತು ರಿಮೋಟ್ ಒತ್ತೋದು. ಒತ್ತೋದು ಅಂತ ಯಾಕೆ ಹೇಳ್ದೆ ಅಂದ್ರೆ ನೋಡೋದಕ್ಕಿಂತ ಒತ್ತೋದೇ ಜಾಸ್ತಿ. ಹೋದ ವರ್ಷದ ಮಳೆಗಾಲದಲ್ಲಿ ಒಂದಿನ ನನ್ನ ಹೆಂಡತಿ ಗಡಿಯಾರ ನೋಡಿ ಹೇಳಿದ್ಲು, "ರೀ, ನೀವು ಸಿನಿಮಾ ಹುಡುಕೋಕೆ ಶುರು ಮಾಡಿ ಐವತ್ತು ನಿಮಿಷ ಆಯ್ತು, ಅಷ್ಟೊತ್ತಿಗೆ ಅರ್ಧ ಸಿನಿಮಾನೇ ಮುಗೀತಿತ್ತು." ಮೂರು ಆಪ್‌ಗೆ ದುಡ್ಡು ಕಟ್ಟಿದ್ವಿ. ಮೂರರಲ್ಲೂ ಮೇಲಿನ ಸಾಲಲ್ಲಿ ಅದೇ ಹತ್ತು ಸಿನಿಮಾ, ಅದೇ ಹೀರೋ ಕತ್ತಿ ಹಿಡ್ಕೊಂಡು ನಿಂತಿರೋ ಪೋಸ್ಟರ್, ಸ್ವಲ್ಪ ಕೆಳಗೆ ಹೋದ್ರೆ ಮತ್ತೆ ಅದೇ ಸಿನಿಮಾ ಬೇರೆ ಫೋಟೋ ಹಾಕ್ಕೊಂಡು ಕೂತಿರುತ್ತೆ, ಮದುವೆ ಮನೇಲಿ ಶರ್ಟ್ ಬದಲಾಯಿಸ್ಕೊಂಡು ಎರಡನೇ ಪಂಕ್ತೀಲೂ ಕೂರೋನ ಥರ.

ಅವತ್ತಿಂದ ಹಠ ಹಿಡಿದೆ. ಒಂದು ವರ್ಷ ಈ ಆಪ್‌ಗಳು ತಾವಾಗೇ ತೋರಿಸೋ ಯಾವ ಸಿನಿಮಾನೂ ನೋಡಲ್ಲ, ಒಳಗೆ ಎಲ್ಲೋ ಹೂತಿಟ್ಟಿರೋ ಸಣ್ಣ ಬಜೆಟ್ಟಿನ, ಸ್ಟಾರ್ ಇಲ್ಲದ ಸಿನಿಮಾಗಳನ್ನೇ ಅಗೆದು ನೋಡ್ತೀನಿ ಅಂತ. ಆ ಲೆಕ್ಕದಲ್ಲಿ ಈ ಓಟಿಟಿಗಳು ಕಟ್ಟಿದ ದುಡ್ಡಿಗೆ ಬೆಲೆ ಕೊಡ್ತಾವಾ ಇಲ್ವಾ ಅಂತ ಬರೀತಿದೀನಿ.

ಮಾಲು ಇದೆ ಮಾರಾಯ್ರೆ, ಅದರ ಬಗ್ಗೆ ಅನುಮಾನ ಬೇಡ. ಗೋಡೌನ್ ತುಂಬಾ ಇದೆ. ಅಂಗಡಿ ಮುಂದೆ ಮಾತ್ರ ಇಟ್ಟಿಲ್ಲ. ನಾನು ಕೆಲಸ ಮಾಡೋದು ಚಿಕ್ಕಮಗಳೂರಲ್ಲಿ ಒಂದು ಕಾಫಿ ಕ್ಯೂರಿಂಗಲ್ಲಿ, ಅಂದ್ರೆ ಕಾಫಿ ಬೀಜದ ಸಿಪ್ಪೆ ತೆಗೆದು ಗ್ರೇಡ್ ಮಾಡೋ ಕಡೆ. ಒಂದು ಹಣ್ಣಲ್ಲಿ ಸಾಮಾನ್ಯವಾಗಿ ಎರಡು ಬೀಜ ಇರುತ್ತೆ, ಕೆಲವು ಹಣ್ಣಲ್ಲಿ ಮಾತ್ರ ಒಂದೇ ಬೀಜ, ಗುಂಡಗೆ, ಅದಕ್ಕೆ ಪಿಬಿ (ಪೀಬೆರಿ) ಅಂತೀವಿ. ಅದನ್ನ ಬೇರೆ ಮಾಡಿ, ಬೇರೆ ಚೀಲ ಹಾಕಿ, ಬೇರೆ ಗ್ರೇಡ್ ಬರ್ದು ಕಳಿಸ್ತೀವಿ, ಇಷ್ಟಪಟ್ಟು ಕೇಳೋ ಗಿರಾಕಿ ಇದಾರೆ. ಕಾಫಿ ಬೀಜಕ್ಕೆ ಇರೋ ಈ ಮರ್ಯಾದೆ ಸಿನಿಮಾಕ್ಕೆ ಆಪಲ್ಲಿ ಇಲ್ಲ, ಎಲ್ಲಾ ಒಂದೇ ರಾಶಿ, ರಾಶಿ ಮೇಲೆ ದೊಡ್ಡ ಕಾಳು.

ಮೊದಲು ಪಾಠ ಆಗಿದ್ದು ಸ್ಪೆಲ್ಲಿಂಗಲ್ಲಿ. 'ತಿಥಿ' ಹುಡುಕೋಕೆ ಹೋದೆ. ರಾಮ್ ರೆಡ್ಡಿ ಮಾಡಿದ್ದು, ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಅನ್ನೋ ಹಳ್ಳಿಯ ಜನರನ್ನೇ ಹಾಕ್ಕೊಂಡು, ಈರೇಗೌಡ ಬರವಣಿಗೆ, 2015ರಲ್ಲಿ ಸ್ವಿಜರ್ಲೆಂಡಿನ ಲೊಕಾರ್ನೊ ಫೆಸ್ಟಿವಲಲ್ಲಿ ಎರಡು ಪ್ರಶಸ್ತಿ ತಗೊಂಡ ಸಿನಿಮಾ. ನಾನು ಟಿ ಐ ಟಿ ಎಚ್ ಐ ಅಂತ ಹೊಡೆದ್ರೆ ಏನೇನೋ ಬರ್ತಿದೆ, ಭಕ್ತಿ ಸೀರಿಯಲ್ಲು, ಪಂಚಾಂಗ. ಮೊದಲ ಟಿ ಆದ್ಮೇಲೂ ಒಂದು ಎಚ್ ಹಾಕ್ಬೇಕು ಅಂತ ಆಮೇಲೆ ಗೊತ್ತಾಯ್ತು. 'ಶಾಖಾಹಾರಿ'ಗೂ ಅದೇ ಕತೆ, ಮೂರನೇ ಎಚ್ ಆದ್ಮೇಲೆ ಎರಡು ಎ. ಹಿಂದಿ ಇಂಗ್ಲಿಷ್ ಸಿನಿಮಾಕ್ಕೆ ಅಕ್ಷರ ತಪ್ಪಿದ್ರೂ ಆಪ್ ತಾನೇ ತಿದ್ದಿ ತೋರಿಸುತ್ತೆ, ಕನ್ನಡದ ಹೆಸರಿಗೆ ಬಂದಾಗ ಮಾತ್ರ ಹಳೇ ಕಾಲದ ತಾಲ್ಲೂಕಾಫೀಸು ಗುಮಾಸ್ತನ ಥರ, ಅರ್ಜೀಲಿ ಒಂದಕ್ಷರ ಹೆಚ್ಚುಕಮ್ಮಿ ಆದ್ರೆ ವಾಪಸ್. ಕನ್ನಡದಲ್ಲೇ ಟೈಪ್ ಮಾಡಿ ನೋಡೋಣ ಅಂತ ಒಂದು ಆಪಲ್ಲಿ ಹೋದ್ರೆ ಕೀಬೋರ್ಡೇ ಇಲ್ಲ, ದುಡ್ಡು ಮಾತ್ರ ನಮ್ಮ ಭಾಷೆಯೋರದ್ದು ಆಗ್ಬಹುದು.

ಈಗ ನಾನು ಆಪ್ ಒಳಗೆ ಹುಡುಕೋದೇ ಬಿಟ್ಟಿದೀನಿ. ಹೊರಗಡೆ ಹುಡುಕಿ ಆಮೇಲೆ ಒಳಗೆ ಹೋಗ್ತೀನಿ. ಜಸ್ಟ್‌ವಾಚ್ ಅಂತ ಇದೆಯಲ್ಲ, ಸಿನಿಮಾ ಹೆಸರು ಕೊಟ್ರೆ ಯಾವ ಓಟಿಟೀಲಿದೆ, ಬಾಡಿಗೆಗಾ ಅಥವಾ ಸಬ್‌ಸ್ಕ್ರಿಪ್ಶನ್‌ಗೆ ಸೇರಿದ್ದಾ ಅಂತ ಹೇಳುತ್ತೆ, ದೇಶ ಇಂಡಿಯಾ ಅಂತ ಇಟ್ಕೊಳ್ಳೋದು ಮರೀಬೇಡಿ. ಹೆಸರೇ ಗೊತ್ತಿಲ್ಲದಿದ್ರೆ? ಅದಕ್ಕೆ ನಾನು ಮಾಡೋದು ಎರಡು ಮೂರು ವರ್ಷ ಹಿಂದಿನ ಫೆಸ್ಟಿವಲ್ ಪಟ್ಟಿ ತೆಗೆಯೋದು. ಬೆಂಗಳೂರು ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಕನ್ನಡ ಸಿನಿಮಾಗಳದ್ದೇ ಸ್ಪರ್ಧೆ ವಿಭಾಗ ಇರುತ್ತೆ, ಗೋವಾದ ಇಫಿ ಚಿತ್ರೋತ್ಸವದಲ್ಲಿ ನಮ್ಮ ದೇಶದ ಸಿನಿಮಾಗಳ ಇಂಡಿಯನ್ ಪನೋರಮಾ ಇರುತ್ತೆ, ದಕ್ಷಿಣ ಕೊರಿಯಾದ ಬೂಸಾನ್‌ದು ನೋಡ್ಬಹುದು. ಈ ವರ್ಷದ ಪಟ್ಟಿ ತೆಗೆದ್ರೆ ಹೊಟ್ಟೆ ಉರ್ಕೊಳ್ಳೋದಷ್ಟೇ, ಯಾವುದೂ ಸಿಗಲ್ಲ, ಫೆಸ್ಟಿವಲ್ ಸುತ್ತಿ ಥಿಯೇಟರ್ ಹತ್ತಿ ಓಟಿಟಿಗೆ ಇಳಿಯೋಕೆ ಇಂಥ ಸಿನಿಮಾಗಳಿಗೆ ಎರಡು ಮಳೆಗಾಲ ಬೇಕು. 'ಶಿವಮ್ಮ ಯರೇಹಂಚಿನಾಳ' 2022ರಲ್ಲಿ ಬೂಸಾನಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ತಗೊಂಡ್ರೂ ನಮ್ಮ ಥಿಯೇಟರಿಗೆ ಬಂದಿದ್ದು 2024ರ ಜೂನಲ್ಲಿ. 'ಪಿಂಕಿ ಎಲ್ಲಿ?' 2020ರದ್ದು, ತೆರೆಗೆ ಬಂದಿದ್ದು 2023. ಹಾಗಾಗಿ ಹಳೇ ಪಟ್ಟಿಯೇ ಒಳ್ಳೇದು.

ಇನ್ನೊಂದು ದಾರಿ, ಜನರನ್ನ ಹಿಡ್ಕೊಂಡು ಹೋಗೋದು. 'ಪಿಂಕಿ ಎಲ್ಲಿ?' ಇಷ್ಟ ಆಯ್ತಾ, ಮಾಡಿದ್ದು ಪೃಥ್ವಿ ಕೊಣನೂರು, ಅವ್ರ ಹೆಸರು ಹುಡುಕಿದ್ರೆ ಹಿಂದೆ 'ರೈಲ್ವೇ ಚಿಲ್ಡ್ರನ್' ಸಿಗುತ್ತೆ, ಮುಂದೆ 'ಹದಿನೇಳೆಂಟು' ಸಿಗುತ್ತೆ. ನಿರ್ದೇಶಕ ಮಂಸೋರೆ ಅವ್ರನ್ನ ಹಿಡ್ಕೊಂಡ್ರೆ 2014ರ 'ಹರಿವು', ಆಮೇಲೆ 'ನಾತಿಚರಾಮಿ', 'ಆಕ್ಟ್ 1978'. 'ನಾತಿಚರಾಮಿ' ನಾನು ನೆಟ್‌ಫ್ಲಿಕ್ಸಲ್ಲೇ ನೋಡಿದ್ದು, ಐದು ರಾಷ್ಟ್ರಪ್ರಶಸ್ತಿ ಬಂದಿರೋ ಸಿನಿಮಾ, ಎಡಿಟಿಂಗಿಗೆ, ಹಾಡಿನ ಸಾಹಿತ್ಯಕ್ಕೆ, ಹಾಡಿದ ಬಿಂದುಮಾಲಿನಿಗೆ ಎಲ್ಲಾ. ನಮ್ಮ ಆಫೀಸಲ್ಲಿ ಹನ್ನೆರಡು ಜನಕ್ಕೆ ಕೇಳಿದೆ, ಒಬ್ರೂ ಹೆಸರು ಕೇಳಿಲ್ಲ, ಹನ್ನೆರಡರಲ್ಲಿ ಒಂಬತ್ತು ಜನದ ಹತ್ರ ಆ ಆಪ್ ಇದೆ.

ಸರಿ, ಪುರಾಣ ಸಾಕು, ನೋಡಿದ್ದು ಹೇಳ್ತೀನಿ.

'ಶಾಖಾಹಾರಿ' ಅಮೆಜಾನ್ ಪ್ರೈಮಲ್ಲಿ ಸಿಕ್ತು. 2024ರ ಫೆಬ್ರವರೀಲಿ ಥಿಯೇಟರಿಗೆ ಬಂದಿತ್ತು, ನಮ್ಮ ಕಡೆ ಬಂದಿದ್ದೂ ಹೋಗಿದ್ದೂ ನನಗೆ ಗೊತ್ತಾಗ್ಲಿಲ್ಲ, ಕಾಫಿ ಸೀಸನ್ನು, ತಲೆ ಕೆರ್ಕೊಳ್ಳೋಕೂ ಪುರ್ಸೊತ್ತು ಇರಲ್ಲ. ಸಂದೀಪ್ ಸುಂಕದ್ ನಿರ್ದೇಶನ, ಮಲೆನಾಡಿನ ಒಂದೂರಲ್ಲಿ ಸಸ್ಯಾಹಾರಿ ಹೋಟ್ಲು ಇಟ್ಕೊಂಡಿರೋ ಸುಬ್ಬಣ್ಣನ ಕತೆ, ರಂಗಾಯಣ ರಘು ಸುಬ್ಬಣ್ಣ. ಅಮ್ಮಂಗೆ ತವರು ತೀರ್ಥಹಳ್ಳಿ ಕಡೆ, ಪಕ್ಕದಲ್ಲಿ ಅಡಿಕೆ ಹೋಳು ಮಾಡ್ತಾ ಕೂತಿದ್ರು, ಹೋಟ್ಲು ಕಾಣಿಸಿದ್ದೇ ತಡ ಕತ್ರಿ ಕೆಳಗಿಟ್ರು. "ಈ ಮನುಷ್ಯ ಕಾಮಿಡಿ ಮಾಡೋರಲ್ವನೋ?" ಹೌದಮ್ಮ ಅವ್ರೇ. "ಕಾಮಿಡಿ ಮಾಡ್ಸಿ ಮಾಡ್ಸಿ ಇಷ್ಟು ವರ್ಷ ಹಾಳು ಮಾಡಿದ್ರಲ್ಲ." ಕತೆ ಹೇಳಲ್ಲ, ಹೋಟ್ಲಿಗೆ ಒಬ್ಬ ಪೊಲೀಸರಿಂದ ತಪ್ಪಿಸ್ಕೊಂಡು ಬರ್ತಾನೆ, ಅಲ್ಲಿಂದ ಗಂಟು ಬೀಳ್ತಾ ಹೋಗುತ್ತೆ. ಗೋಪಾಲಕೃಷ್ಣ ದೇಶಪಾಂಡೆ ಪೊಲೀಸು. ಕೊನೆ ಅರ್ಧ ಗಂಟೆ ಸ್ವಲ್ಪ ಎಳೆದಿದಾರೆ ಅನ್ನಿಸ್ತು ನನಗೆ, ಅಮ್ಮಂಗೆ ಅದೂ ಅನ್ನಿಸ್ಲಿಲ್ಲ, ಮಾರನೇ ದಿನ ಫೋನಲ್ಲಿ ಚಿಕ್ಕಮ್ಮಂಗೆ ಇಡೀ ಸಿನಿಮಾ ಹೇಳಿದ್ರು, ಕ್ಲೈಮ್ಯಾಕ್ಸ್ ಸಮೇತ, ಚಿಕ್ಕಮ್ಮ ಇನ್ನೂ ನನ್ನ ಮೇಲೆ ಸಿಟ್ಟಾಗಿದಾರೆ.

'ಬ್ಲಿಂಕ್' ಕೂಡ ಅದೇ ವರ್ಷದ್ದು, ಮಾರ್ಚ್‌ದು. ಶ್ರೀನಿಧಿ ಬೆಂಗಳೂರು ಅವರ ಮೊದಲ ಸಿನಿಮಾ, ದೀಕ್ಷಿತ್ ಶೆಟ್ಟಿ ಇದಾರೆ. ಕಣ್ಣು ಮಿಟುಕಿಸದೆ ಇದ್ದಷ್ಟು ಹೊತ್ತು ಬೇರೆ ಕಾಲಕ್ಕೆ ಹೋಗಿರಬಹುದು ಅನ್ನೋ ಒಂದು ಐಡಿಯಾ. ಟೈಮ್ ಟ್ರಾವೆಲ್ ಅಂದ್ರೆ ದೊಡ್ಡ ಮಷಿನ್ನು, ಗ್ರಾಫಿಕ್ಸು ಅಂತ ಕೋಟಿ ಸುರೀತಾರೆ, ಇವ್ರು ಕಣ್ಣಿನ ರೆಪ್ಪೆಯಲ್ಲೇ ಮುಗಿಸಿದಾರೆ. ಬಡತನಕ್ಕೆ ಬುದ್ಧಿ ಜಾಸ್ತಿ ಅಂತಾರಲ್ಲ ಹಾಗೆ. ಥಿಯೇಟರಿಗಿಂತ ಓಟಿಟಿಗೆ ಬಂದ್ಮೇಲೇ ಹೆಚ್ಚು ಜನ ಮಾತಾಡಿದ್ದು ಇದರ ಬಗ್ಗೆ. ಮಧ್ಯೆ ಎದ್ದು ಒಲೆ ನೋಡೋಕೆ ಹೋದ್ರೆ ಕತೆ ಕೈ ತಪ್ಪುತ್ತೆ, ಅನ್ನಕ್ಕಿಟ್ಟು ಕೂರಬೇಡಿ.

ಬೇರೆ ಭಾಷೆಯವು ಬೇಗ ಹೇಳ್ಬಿಡ್ತೀನಿ. ನೆಟ್‌ಫ್ಲಿಕ್ಸಲ್ಲಿ 'ಕೇರಾಫ್ ಕಂಚರಪಾಲೆಂ', 2018ರ ತೆಲುಗು, ವಿಶಾಖಪಟ್ಟಣದ ಒಂದು ಬಡಾವಣೆಯ ಜನರೇ ಎಂಬತ್ತಕ್ಕೂ ಹೆಚ್ಚು ಮಂದಿ ನಟಿಸಿರೋದು, ನಾಲ್ಕು ಪ್ರೇಮಕತೆ, ನನ್ನ ಹೆಂಡತಿ ಎರಡು ಸಲ ನೋಡಿದ್ಲು. 'ವಿಲೇಜ್ ರಾಕ್‌ಸ್ಟಾರ್ಸ್', ಅಸ್ಸಾಮಿದು, ರೀಮಾ ದಾಸ್ ತಮ್ಮ ಊರಲ್ಲೇ ತಾವೇ ಬರೆದು ತಾವೇ ಕ್ಯಾಮೆರಾ ಹಿಡಿದು ತಾವೇ ಎಡಿಟ್ ಮಾಡಿ ನಿರ್ದೇಶಿಸಿದ್ದು, ನಮ್ಮೂರ ಮದುವೆ ಫೋಟೋಗ್ರಾಫರ್‌ಗಳ ಹತ್ರ ಇರೋ ಅಂಥ ಸ್ಟಿಲ್ ಕ್ಯಾಮೆರಾದಲ್ಲೇ, 2018ರಲ್ಲಿ ದೇಶದ ಅತ್ಯುತ್ತಮ ಸಿನಿಮಾ ಅಂತ ರಾಷ್ಟ್ರಪ್ರಶಸ್ತಿ, ಆ ವರ್ಷ ಆಸ್ಕರಿಗೂ ನಮ್ಮ ದೇಶದಿಂದ ಅದೇ ಹೋಗಿದ್ದು. 'ದಿ ಗ್ರೇಟ್ ಇಂಡಿಯನ್ ಕಿಚನ್' ಈಗ ಎಲ್ಲರಿಗೂ ಗೊತ್ತು, ಆದ್ರೆ ನೆನಪಿಟ್ಕೊಳ್ಳಿ, 2021ರ ಜನವರೀಲಿ ಅದು ಮೊದಲು ಬಂದಿದ್ದು ನೀಸ್ಟ್ರೀಮ್ ಅನ್ನೋ ಸಣ್ಣ ಮಲಯಾಳಂ ಆಪಲ್ಲಿ, ಜನ ಬಾಯಿಂದ ಬಾಯಿಗೆ ಹಬ್ಬಿಸಿದ್ಮೇಲೆ ಪ್ರೈಮ್‌ಗೆ ಬಂತು. ದೊಡ್ಡ ಅಂಗಡಿಗಳ ರುಚಿ ಎಷ್ಟರಮಟ್ಟಿಗೆ ನಂಬಬಹುದು ಅಂತ ಇದರಲ್ಲೇ ಲೆಕ್ಕ ಹಾಕ್ಕೊಳ್ಳಿ. ಕನ್ನಡದಲ್ಲೂ ಪರಂವಃ ಅನ್ನೋ ಸಿನಿಮಾ ಕಂಪನಿಯವರು 'ಏಕಂ' ಸೀರೀಸನ್ನ 2024ರಲ್ಲಿ ತಮ್ಮದೇ ವೆಬ್‌ಸೈಟ್ ಮಾಡಿ 149 ರೂಪಾಯಿಗೆ ಬಿಟ್ರಲ್ಲ, ಅಂಗಡಿಯೋರು ತಗೊಳ್ದಿದ್ರೆ ಮನೆ ಜಗಲೀಲೇ ಮಾರೋದು.

'ಪ್ರೈಮರ್' ಅಂತ 2004ರ ಒಂದು ಅಮೆರಿಕನ್ ಸಿನಿಮಾ, ಏಳು ಸಾವಿರ ಡಾಲರಲ್ಲಿ ಮಾಡಿದ್ದು, ಅಲ್ಲಿನ ಫೆಸ್ಟಿವಲ್ ಸನ್‌ಡ್ಯಾನ್ಸಲ್ಲಿ ದೊಡ್ಡ ಪ್ರಶಸ್ತಿ ತಗೊಂಡಿದೆ. ನನಗೆ ಅರ್ಥ ಆಗ್ಲಿಲ್ಲ. ಎರಡನೇ ಸಲ ನೋಡಿದೆ, ಆಗ್ಲಿಲ್ಲ. ಅಷ್ಟೇ.

ಜಪಾನಿನ 'ಒನ್ ಕಟ್ ಆಫ್ ದ ಡೆಡ್' ಬಗ್ಗೆ ಮಾತ್ರ ಒಂದು ಎಚ್ಚರಿಕೆ. 30 ಲಕ್ಷ ಯೆನ್ನಲ್ಲಿ ಮಾಡಿದ್ದು, 2017ರದ್ದು, ಶುರುವಿನ 37 ನಿಮಿಷ ಒಂದೇ ಶಾಟ್, ಕಟ್ಟೇ ಇಲ್ಲ. ಆ 37 ನಿಮಿಷ ನೋಡ್ತಾ ನಿಮಗೆ ಇದೆಂಥ ಕಚಡಾ ಜೋಂಬಿ ಸಿನಿಮಾ ಮಾರಾಯ ಅನ್ಸುತ್ತೆ, ನನ್ನ ಭಾಮೈದ ಇಪ್ಪತ್ತನೇ ನಿಮಿಷಕ್ಕೆ ಎದ್ದು ಹೋದ, "ಭಾವ ನಿಮ್ಮ ಟೇಸ್ಟೇ ಕೆಟ್ಟೋಗಿದೆ" ಅಂತ ಹೇಳಿ. ದಯವಿಟ್ಟು ಎದ್ದು ಹೋಗ್ಬೇಡಿ, ಹಲ್ಲು ಕಚ್ಕೊಂಡು ಕೂತ್ಕೊಳ್ಳಿ, ಇಷ್ಟೇ ಹೇಳೋಕಾಗೋದು.

'ಕೊಹಿರೆನ್ಸ್' ನೋಡಿದ ರಾತ್ರಿ ಕತೆ ಕೇಳಿ. 2013ರದ್ದು, ಜೇಮ್ಸ್ ವಾರ್ಡ್ ಬಿರ್ಕಿಟ್ ಅನ್ನೋರು ತಮ್ಮ ಸ್ವಂತ ಮನೇಲೇ ಐದು ರಾತ್ರೀಲಿ ಶೂಟ್ ಮಾಡಿದ್ದು, ಪೂರ್ತಿ ಸ್ಕ್ರಿಪ್ಟೂ ಇರ್ಲಿಲ್ಲ, ನಟರಿಗೆ ದಿನಾ ಒಂದೊಂದು ಚೀಟಿ, ನೀನು ಇವತ್ತು ಇಷ್ಟು ಹೇಳ್ಬೇಕು ಅಂತ. ಎಂಟು ಜನ ಸ್ನೇಹಿತರು ಊಟಕ್ಕೆ ಸೇರ್ತಾರೆ, ಆಕಾಶದಲ್ಲಿ ಧೂಮಕೇತು ಹಾದು ಹೋಗ್ತಿರುತ್ತೆ, ಇದ್ದಕ್ಕಿದ್ದಂಗೆ ಕರೆಂಟು ಹೋಗುತ್ತೆ, ಹೊರಗೆ ನೋಡಿದ್ರೆ ಇಡೀ ಏರಿಯಾದಲ್ಲಿ ಒಂದೇ ಒಂದು ಮನೇಲಿ ಮಾತ್ರ ಲೈಟು. ನಾನೂ ಹೆಂಡತೀನೂ ಇದನ್ನ ನೋಡ್ತಿರೋದು ರಾತ್ರಿ ಹತ್ತೂವರೆಗೆ, ಹೊರಗೆ ಗಾಳಿ ಮಳೆ, ಸಿನಿಮಾದಲ್ಲಿ ಕರೆಂಟು ಹೋಗಿ ಹತ್ತು ನಿಮಿಷ ಆಗಿಲ್ಲ, ನಮ್ಮನೇಲಿ ಟಪ್ ಅಂತ ಹೋಯ್ತು. ಯುಪಿಎಸ್ ಕೂಗ್ತಿದೆ, ಎಲ್ಲೋ ಸಿಲ್ವರ್ ಮರದ ಕೊಂಬೆ ಲೈನ್ ಮೇಲೆ ಬಿದ್ದಿರ್ಬೇಕು. ಕಿಟಕಿ ತೆಗೆದು ನೋಡಿದ್ರೆ ಇಡೀ ಸಾಲು ಕತ್ತಲೆ, ಕೆಳಗಡೆ ಗೌಡ್ರ ಮನೆ ಒಂದರಲ್ಲಿ ಮಾತ್ರ ಬೆಳಕು, ಅವ್ರದ್ದು ಜನರೇಟರ್ ಇದೆ ಅಂತ ಹತ್ತು ವರ್ಷದಿಂದ ಗೊತ್ತಿದ್ರೂ ನನ್ನ ಹೆಂಡತಿ ಅವತ್ತು ಬಾಗಿಲ ಚಿಲಕ ಎರಡು ಸಲ ನೋಡಿ ಬಂದ್ಲು. ಬೆಳಿಗ್ಗೆ ಹಾಲು ಕೊಡೋಕೆ ಬಂದ ಗೌಡ್ರ ಮನೆ ಹುಡುಗನ್ನ ನಾನೂ ಒಂದು ಕ್ಷಣ ಅನುಮಾನದಿಂದ ನೋಡಿದೆ, ಸುಳ್ಳು ಹೇಳಲ್ಲ. ಫೈಬರ್ ಇಂಟರ್ನೆಟ್ ಸರಿಯಾಗೋಕೆ ಮೂರು ದಿನ ಹಿಡೀತು, ಬಾಡಿಗೆಗೆ ತಗೊಂಡಿದ್ದ ಸಿನಿಮಾ, ನೋಡೋಕೆ ಶುರು ಮಾಡಿದ್ಮೇಲೆ 48 ಗಂಟೆ ಮಾತ್ರ, ಮುಗ್ದೋಯ್ತು. ಮತ್ತೆ ದುಡ್ಡು ಕೊಟ್ಟು ಉಳಿದರ್ಧ ನೋಡಿದ್ವಿ. ನಮ್ಮ ಕಡೆಯೋರು ಬಾಡಿಗೆಗೆ ತಗೊಳ್ಳೋದಿದ್ರೆ ಜೂನ್ ಜುಲೈ ಆಗಸ್ಟ್ ಬಿಟ್ಟು ತಗೊಳ್ಳಿ, ಇಲ್ಲಾಂದ್ರೆ ಫೋನಿಗೆ ಡೌನ್‌ಲೋಡ್ ಮಾಡಿಟ್ಕೊಂಡು ಕೂರಿ.

ದುಡ್ಡಿನ ವಿಷ್ಯಕ್ಕೆ ಬಂದ್ರೆ, ಮೂರೂ ಆಪ್ ವರ್ಷಪೂರ್ತಿ ಇಟ್ಕೊಳ್ಳೋದು ದಂಡ. ನೆಟ್‌ಫ್ಲಿಕ್ಸಲ್ಲಿ ಫೋನಿಗೆ ಮಾತ್ರ ಸಾಕು ಅಂದ್ರೆ 149ರ ಪ್ಲಾನ್ ಇದೆ, ಒಂದು ತಿಂಗಳು ಹಾಕ್ಸಿ, ಪಟ್ಟಿ ಮಾಡ್ಕೊಂಡಿರೋದೆಲ್ಲ ನೋಡಿ ಮುಗಿಸಿ, ಬಿಡಿ, ಮುಂದಿನ ತಿಂಗಳು ಬೇರೆ ಆಪು. ಪ್ರಪಂಚದ ಸಿನಿಮಾ ಹುಚ್ಚಿದ್ರೆ ಮುಬಿ ಅನ್ನೋ ಆಪಿಗೂ ಒಂದು ತಿಂಗಳು ಇಡಿ, ಅಲ್ಲಿ ಆರಿಸಿ ಇಡೋರು ಮನುಷ್ಯರು, ಮೊದಲೆಲ್ಲ ದಿನಕ್ಕೊಂದು ಸಿನಿಮಾ ಹಾಕಿ ಮೂವತ್ತನೇ ದಿನಕ್ಕೆ ತೆಗೀತಿದ್ರು. ಫ್ರೀ ಟ್ರಯಲ್ ಅನ್ನೋ ಮಾತು ಮಾತ್ರ ನಂಬಬೇಡಿ. ಒಂದು ಆಪಲ್ಲಿ (ಹೆಸರು ಬೇಡ) ಒಂದೇ ಒಂದು ಸಿನಿಮಾಕ್ಕೋಸ್ಕರ ಏಳು ದಿನದ ಟ್ರಯಲ್ ತಗೊಂಡೆ, ಸಿನಿಮಾ ನೋಡಿದೆ, ಚೆನ್ನಾಗಿತ್ತು, ಎಂಟನೇ ದಿನ ಬೆಳಿಗ್ಗೆ ಇಡೀ ವರ್ಷದ ದುಡ್ಡು ಕಟ್ಟಾಯ್ತು, ಆ ಸಿನಿಮಾ ಥಿಯೇಟರಲ್ಲಿ ಬಾಲ್ಕನೀಲಿ ಕುಟುಂಬ ಸಮೇತ ನೋಡಿ ಟೌನ್ ಕ್ಯಾಂಟೀನಲ್ಲಿ ಬೆಣ್ಣೆ ದೋಸೆ ತಿಂದು ಬಂದ್ರೂ ಅಷ್ಟಾಗ್ತಿರ್ಲಿಲ್ಲ. ಟ್ರಯಲ್ ತಗೊಂಡ ದಿನಾನೇ ಕ್ಯಾನ್ಸಲ್ ಬಟನ್ ಒತ್ತಿ.

ಸಬ್‌ಟೈಟಲ್ ಬಗ್ಗೆ ಬೈಯೋಕೆ ಹೋದ್ರೆ ಇನ್ನೊಂದು ರಿವ್ಯೂ ಆಗುತ್ತೆ. ಬೇರೆ ದೇಶದ ಸಣ್ಣ ಸಿನಿಮಾಕ್ಕೆ ಕನ್ನಡದಲ್ಲಿ ಬೇಕು ಅಂತ ನಾನು ಆಸೆ ಪಟ್ಟಿದ್ದು ಅತಿಯಾಯ್ತು ಅಂತ ನನಗೇ ಗೊತ್ತು, ಆದ್ರೆ ಮನೇಲಿ ಇಂಗ್ಲಿಷ್ ಓದಕ್ಕೆ ಬರದೋರು ಇದ್ರೆ ನೀವೇ ಪಕ್ಕದಲ್ಲಿ ಕೂತು ಹೇಳ್ತಾ ಹೋಗ್ಬೇಕು, ಹರಿಕತೆ ದಾಸರ ಥರ. ಹಾಗೆ ಹೇಳೋಕೆ ಹೋಗಿ ಸೋತಿದ್ದು ಒಂದೇ ಸಲ.

ಪ್ರೈಮಲ್ಲಿ 'ದ ವಾಸ್ಟ್ ಆಫ್ ನೈಟ್' ಅಂತ ಇದೆ. ಆಂಡ್ರ್ಯೂ ಪ್ಯಾಟರ್‌ಸನ್ ಮೊದಲ ಸಿನಿಮಾ, ಸುಮಾರು ಏಳು ಲಕ್ಷ ಡಾಲರ್, ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ ಕಾಸು, 2020ರ ಮೇನಲ್ಲಿ ಪ್ರೈಮ್‌ಗೆ ಬಂದಿದ್ದು. 1950ರ ದಶಕದ ಅಮೆರಿಕದ ಒಂದು ಸಣ್ಣ ಊರು, ಒಂದೇ ರಾತ್ರಿ, ಊರಿನ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂತ ಹುಡುಗಿಗೆ ಲೈನಲ್ಲಿ ಏನೋ ವಿಚಿತ್ರ ಸದ್ದು ಕೇಳುತ್ತೆ. ನಮ್ಮಪ್ಪ ಟೆಲಿಫೋನ್ಸಲ್ಲಿದ್ದೋರು, ಶುರುವಿನಲ್ಲಿ ಮೂಡಿಗೆರೆ ಎಕ್ಸ್‌ಚೇಂಜಲ್ಲಿ ಬೋರ್ಡ್ ಮೇಲೆ, ಅಂದ್ರೆ ಕೈಯಲ್ಲೇ ಕಾಲ್ ಜೋಡಿಸೋ ಸ್ವಿಚ್‌ಬೋರ್ಡ್ ಮುಂದೆ, ಕೂತಿದ್ದೋರು. ಅವ್ರು ಟಿವೀಲಿ ನ್ಯೂಸ್ ಬಿಟ್ಟು ಏನೂ ನೋಡಲ್ಲ, ಇಂಗ್ಲಿಷ್ ಸಿನಿಮಾ ಅಂದ್ರೆ ಎದ್ದು ಹೋಗಿ ಮಲ್ಕೋತಾರೆ. ಅವತ್ತು ನೀರು ಕುಡಿಯೋಕೆ ಅಂತ ಹಾಲಿಗೆ ಬಂದ್ರು, ಪರದೆ ಮೇಲೆ ಆ ಹುಡುಗಿ ಬೋರ್ಡ್ ಮುಂದೆ ಕೂತು ಒಂದು ಕಾರ್ಡ್ ಎಳೆದು ಇನ್ನೊಂದಕ್ಕೆ ಚುಚ್ಚಿ, ಅದನ್ನ ಎಳೆದು ಮತ್ತೊಂದಕ್ಕೆ ಚುಚ್ಚಿ, ಸುಮಾರು ಹೊತ್ತು ಕ್ಯಾಮೆರಾ ಕಟ್ಟೇ ಆಗದೆ ಅವಳನ್ನೇ ನೋಡ್ತಿರುತ್ತೆ. ಅಪ್ಪ ಲೋಟ ಹಿಡ್ಕೊಂಡು ನಿಂತ್ಕೊಂಡೇ ನೋಡಿದ್ರು.

ನಾನು ಕತೆ ಹೇಳೋಕೆ ಬಾಯಿ ತೆಗೆದೆ. "ನೀನು ಸುಮ್ನಿರೋ, ಲೈನ್ ಡ್ರಾಪ್ ಆಗಿದೆ, ಆ ಕಡೆಯಿಂದ ಹಿಡೀಬೇಕು ಅವಳು" ಅಂದ್ರು. ಅವಳು ಅದನ್ನೇ ಮಾಡಿದ್ಲು. ಆಮೇಲೆ ಕೂತ್ರು. ಮಧ್ಯೆ ಮಧ್ಯೆ ಹೇಳ್ತಿದ್ರು, ದೂರದೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಜನ ಎಷ್ಟೊತ್ತು ಕಾಯ್ತಿದ್ರು, ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ಥರ, ಲೈಟ್ನಿಂಗ್ ಬಂತು ಅಂದ್ರೆ ಎಸ್ಟೇಟ್ ಸಾಹೇಬ್ರದ್ದು ಇಲ್ಲಾ ಯಾರೋ ತೀರ್ಕೊಂಡಿದಾರೆ ಅಂತ, ರಾತ್ರಿ ಪಾಳೀಲಿ ಮಳೆಗೆ ಲೈನಲ್ಲಿ ಎಂತೆಂಥ ಸದ್ದು ಬರ್ತಿತ್ತು, ಒಂದ್ಸಲ ಯಾವುದೋ ಗೊತ್ತಿಲ್ಲದ ಊರಿನ ಇಬ್ರು ಜಗಳ ಆಡೋದು ಪೂರ್ತಿ ಕೇಳಿಸ್ಕೊಂಡಿದ್ದು. ಇದ್ಯಾವುದನ್ನೂ ನಲವತ್ತು ವರ್ಷದಲ್ಲಿ ನಮಗೆ ಹೇಳಿರ್ಲಿಲ್ಲ. ಸಿನಿಮಾದಲ್ಲಿ ಹಾರುವ ತಟ್ಟೆ ವಿಷ್ಯ ಬಂದಾಗ ಅವ್ರಿಗೆ ಆಸಕ್ತಿ ಹೋಯ್ತು, ಎದ್ದು ಹೋಗಿ ಮಲಗಿದ್ರು.

ಆ ಆಪ್ ನಮ್ಮನೇಲಿ ಮೂರು ವರ್ಷದಿಂದ ಇದೆ. ಈ ಸಿನಿಮಾವನ್ನ ಒಂದು ದಿನಾನೂ ಮುಂದೆ ತಂದು ತೋರಿಸಿರ್ಲಿಲ್ಲ. ನೋಡಿದ ಮಾರನೇ ದಿನದಿಂದ ಮಾತ್ರ ಹೋಮ್ ಸ್ಕ್ರೀನ್ ತುಂಬಾ ಅನ್ಯಗ್ರಹದೋರು, ರಾಕೆಟ್ಟು, ಹಲ್ಲು ಕಿರಿಯೋ ರಾಕ್ಷಸರು. ಸಿನಿಮಾಗಳಿಗೆ ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಅವನ್ನ ಇಟ್ಕೊಂಡಿರೋ ಅಂಗಡಿಗಳಿಗೆ ಎರಡು, ಅದೂ ಬಾಡಿಗೆ ಸೌಲಭ್ಯ ಇದೆ ಅನ್ನೋದಕ್ಕೆ.

ಮೊನ್ನೆ ಭಾನುವಾರ ಅಪ್ಪ ನ್ಯೂಸ್ ಮುಗಿಸಿ ರಿಮೋಟ್ ನನ್ನ ಕೈಗೆ ಕೊಟ್ರು. "ಆ ಬೋರ್ಡ್ ಹುಡುಗಿದು ಇನ್ನೊಂದ್ಸಲ ಹಾಕು. ತಟ್ಟೆ ಬರೋವರ್ಗೂ ಸಾಕು."